ಎಲ್ಲಿ ಸಂದು, ಅಲ್ಲೊಂದು ಕಂಬಳಿ: ರೆಸ್ಟೋರೇಟಿವ್ ಯೋಗದ 75 ನಿಮಿಷ

ಸಲಕರಣೆಗಳ ಆಸರೆಯಲ್ಲಿ ಮೈಗೆ ವಿಶ್ರಾಂತಿ ಕೊಡುವ ರೆಸ್ಟೋರೇಟಿವ್ ಯೋಗಕ್ಕೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಸಾಮಾನಿನ ರಾಶಿ. ಒಬ್ಬೊಬ್ಬರಿಗೂ ಒಂದು ಬೋಲ್ಸ್ಟರ್ ಎಂಬ ಗಟ್ಟಿ ದಿಂಬು, ನಾಲ್ಕೈದು ಕಂಬಳಿ, ಇಟ್ಟಿಗೆಯಾಕಾರದ ಎರಡು ಬ್ಲಾಕ್, ಒಂದು ಬೆಲ್ಟು, ಒಂದು ಕುರ್ಚಿ. ಇಷ್ಟೆಲ್ಲ ಹರಡಿಕೊಂಡು ಮಾಡುವ ಆಸನ ಮಾತ್ರ ನಾಲ್ಕೇ ನಾಲ್ಕು. ಬೆವರಿಲ್ಲ, ಎಣಿಕೆಯಿಲ್ಲ, ‘ಇನ್ನೂ ಸ್ವಲ್ಪ ಬಗ್ಗಿ’ ಎನ್ನುವ ಮಾತಿಲ್ಲ. ಮಲಗುವುದು, ಮಲಗಿದಲ್ಲೇ ಇರುವುದು, ನಿಧಾನಕ್ಕೆ ಏಳುವುದು. ಮಲಗುವುದಕ್ಕೂ ಕ್ಲಾಸ್ ಬೇಕಾ ಎಂದು ನಗುವವರಿದ್ದಾರೆ. ಅಂಥವರನ್ನು ಬರಿ ನೆಲದ ಮೇಲೆ ಹತ್ತು ನಿಮಿಷ ಅಲ್ಲಾಡದೆ ಅಂಗಾತ ಮಲಗಿಸಿ ನೋಡಿ. ಅರ್ಧ ದಾರಿಯಲ್ಲೇ ಸೊಂಟ ಎತ್ತಿ ಹೊರಳಾಡಲು ಶುರು ಮಾಡುತ್ತಾರೆ.

ಕಾರಣ ಇಷ್ಟೇ. ಅಂಗಾತ ಮಲಗಿದಾಗ ನೆಲಕ್ಕೆ ತಾಗುವುದು ತಲೆಯ ಹಿಂಬದಿ, ಬೆನ್ನಿನ ಮೇಲ್ಭಾಗ, ಪೃಷ್ಠ, ಮೀನಖಂಡ, ಹಿಮ್ಮಡಿ. ಕುತ್ತಿಗೆಯ ಕೆಳಗೆ, ಸೊಂಟದ ಕೆಳಗೆ, ಮಂಡಿಯ ಕೆಳಗೆ ಸಂದು ಉಳಿಯುತ್ತದೆ. ಸಂದು ಇರುವ ಕಡೆಯಲ್ಲೆಲ್ಲ ಯಾವುದೋ ಸ್ನಾಯು ಆ ಭಾಗವನ್ನು ಹಿಡಿದುಕೊಂಡೇ ಇರುತ್ತದೆ. ‘ಸಡಿಲ ಬಿಡಿ’ ಎಂದು ನೂರು ಸಲ ಹೇಳಿದರೂ ಅದು ಬಿಡುವುದಿಲ್ಲ, ಏಕೆಂದರೆ ಬಿಟ್ಟರೆ ಭಾರ ಎಲ್ಲಿಗೆ ಹೋಗಬೇಕು? ಆ ಸಂದಿಗೆ ಕಂಬಳಿ ತುಂಬಿದರೆ ಭಾರಕ್ಕೊಂದು ಜಾಗ ಸಿಗುತ್ತದೆ, ಸ್ನಾಯು ತಾನಾಗಿ ಬಿಡುತ್ತದೆ. ಈ ಅಭ್ಯಾಸದ ಗುಟ್ಟೆಲ್ಲ ಇದರಲ್ಲೇ ಇದೆ. ಆದ್ದರಿಂದಲೇ 75 ನಿಮಿಷದಲ್ಲಿ ಸುಮಾರು 15 ನಿಮಿಷ ಬರೀ ಜೋಡಣೆಗೆ ಹೋಗುತ್ತದೆ. ಹೋಗಲಿ, ಆ ಹೊತ್ತು ದಂಡವಲ್ಲ.

ಇದನ್ನು ಯಿನ್ ಯೋಗದ ಜೊತೆ ಸೇರಿಸಿ ಮಾತಾಡುವವರು ಬಹಳ. ಎರಡರಲ್ಲೂ ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ನಿಜ. ಆದರೆ ಯಿನ್‌ನಲ್ಲಿ ಹದವಾದ ಎಳೆತ ಬೇಕು, ಇಲ್ಲಿ ಎಳೆತವೇ ಬರಕೂಡದು. ತೊಡೆಯ ಒಳಬದಿಯಲ್ಲಿ ಸ್ವಲ್ಪ ಎಳೆದಂತಾಗುತ್ತಿದೆ, ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಅವರ ಮಂಡಿಯ ಕೆಳಗೆ ಇನ್ನೊಂದು ಕಂಬಳಿ ಸೇರಿಸಬೇಕು ಎಂದರ್ಥ. ವರ್ಷಗಟ್ಟಲೆ ಯೋಗ ಮಾಡಿದವರಿಗೇ ಇದನ್ನು ಒಪ್ಪಿಕೊಳ್ಳುವುದು ಕಷ್ಟ.

ಆಸನಕ್ಕೆ ಸಲಕರಣೆಗಳ ಆಸರೆ ಕೊಡುವ ಪದ್ಧತಿಯನ್ನು ಇಷ್ಟು ವಿವರವಾಗಿ ಬೆಳೆಸಿದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದವರು. ಕಾಯಿಲೆಯವರಿಗೂ ವಯಸ್ಸಾದವರಿಗೂ ಆಸನದ ಫಲ ಸಿಗಲೆಂದು ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆಗಳನ್ನು ಅಭ್ಯಾಸಕ್ಕೆ ತಂದರು. ಅದರಿಂದ ವಿಶ್ರಾಂತಿಯ ಆಸನಗಳನ್ನಷ್ಟೇ ಬೇರ್ಪಡಿಸಿ ಪ್ರತ್ಯೇಕ ಅಭ್ಯಾಸವಾಗಿ ಜನಪ್ರಿಯಗೊಳಿಸಿದವರಲ್ಲಿ ಮುಖ್ಯರು ಅವರ ಶಿಷ್ಯೆ, ಅಮೆರಿಕದ ಫಿಸಿಯೋಥೆರಪಿಸ್ಟ್ ಜೂಡಿತ್ ಹ್ಯಾನ್ಸನ್ ಲ್ಯಾಸಟರ್.

ಸಾಮಾನಿನ ವಿಷಯಕ್ಕೆ ಬರೋಣ. ಬೋಲ್ಸ್ಟರ್ ಎಂದರೆ ನಮ್ಮ ಲೋಡುದಿಂಬಿನ ಜಾತಿಯದೇ, ಆದರೆ ಮೇಲ್ಮೈ ತುಸು ಚಪ್ಪಟೆ. ಸುಮಾರು 60 ಸೆಂ.ಮೀ. ಉದ್ದ, 30 ಅಗಲ, 15 ದಪ್ಪ ಇದ್ದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಒಳಗೆ ಹತ್ತಿಯನ್ನು ಬಿಗಿಯಾಗಿ ತುಂಬಿರಬೇಕು, ಕೈಯಲ್ಲಿ ಎತ್ತಿದರೆ ಭಾರ ಅನ್ನಿಸಬೇಕು. ಮಲಗುವ ದಿಂಬು ಇದಕ್ಕೆ ಬದಲಿಯಾಗುವುದಿಲ್ಲ. ಮೊದಲ ನಿಮಿಷ ಹಾಯೆನಿಸುತ್ತದೆ, ಐದನೇ ನಿಮಿಷಕ್ಕೆ ಕುಸಿದಿರುತ್ತದೆ, ಬೆನ್ನಿನ ಬಾಗು ಬದಲಾಗಿ ಸೊಂಟ ಹಿಡಿಯುತ್ತದೆ. ಬೋಲ್ಸ್ಟರ್ ಇಲ್ಲದಿದ್ದರೆ ಎರಡು ಮೂರು ದಪ್ಪ ಕಂಬಳಿಗಳನ್ನು ಒಂದರ ಮೇಲೊಂದಿಟ್ಟು ಉದ್ದಕ್ಕೆ ಬಿಗಿಯಾಗಿ ಮಡಚಿ, ಎರಡು ಕಡೆ ಬೆಲ್ಟು ಬಿಗಿದುಕೊಳ್ಳಬಹುದು. ಇದು ನಿಜಕ್ಕೂ ಒಳ್ಳೆಯ ಬದಲಿ.

ಕಂಬಳಿ ಉಣ್ಣೆಯದೋ ದಪ್ಪ ಹತ್ತಿಯದೋ ಆಗಿರಲಿ. ನುಣುಪಾದ ಸಿಂಥೆಟಿಕ್ ಬ್ಲಾಂಕೆಟ್ ಮಡಿಕೆಯಲ್ಲಿ ನಿಲ್ಲದೆ ಜಾರುತ್ತದೆ. 150×200 ಸೆಂ.ಮೀ. ಕಂಬಳಿಯನ್ನು ಮೂರು ಸಲ ಅರ್ಧಕ್ಕೆ ಮಡಚಿದರೆ 75×50 ಅಳತೆಯ, ಎಂಟು ಪದರದ ಹಾಸು ಸಿಗುತ್ತದೆ. ಉಳಿದ ಮಡಿಕೆಗಳೆಲ್ಲ ಇದರಿಂದಲೇ ಹುಟ್ಟುವುದು: ಇದನ್ನು ಸುತ್ತಿದರೆ ಮಂಡಿಯ ಕೆಳಗಿನ ಸುರುಳಿ, ಉದ್ದಕ್ಕೆ ಮತ್ತೊಮ್ಮೆ ಮಡಚಿದರೆ ಮುಂಗೈಗೆ ಆಸರೆ. ಮಡಿಕೆಯ ಗಟ್ಟಿ ಅಂಚು ದೇಹದ ಕಡೆಗಿರಲಿ, ಕುಚ್ಚಿನ ಅಂಚು ಆಚೆಗಿರಲಿ. ಕುತ್ತಿಗೆಯ ಕೆಳಗೆ ಸಿಕ್ಕ ಒಂದು ಸಣ್ಣ ಸುಕ್ಕು ಸಾಕು, 15 ನಿಮಿಷವೂ ಗಮನವನ್ನೆಲ್ಲ ಅದೇ ತಿನ್ನುತ್ತದೆ. ಬ್ಲಾಕ್‌ಗಳು 9×6×4 ಇಂಚಿನವು. ಅವಿಲ್ಲದಿದ್ದರೆ ಒಂದೇ ಅಳತೆಯ ದಪ್ಪ ಪುಸ್ತಕಗಳನ್ನು ಕಟ್ಟಿಡಬಹುದು. ಬೆಲ್ಟು 8 ಅಡಿಯದು, ಬಕಲ್ ಇರುವಂಥದು. ಕುರ್ಚಿಗೆ ಕೈ ಇರಬಾರದು, ಚಕ್ರವಂತೂ ಬೇಡವೇ ಬೇಡ.

ಊಟವಾಗಿ ಎರಡು ಮೂರು ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬನ್ನಿ, ಇಲ್ಲದಿದ್ದರೆ ಹತ್ತನೇ ನಿಮಿಷಕ್ಕೆ ಅದೊಂದೇ ನೆನಪಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್, ಕನ್ನಡಕ, ವಾಚು, ಬಿಗಿಯಾದ ಸೊಂಟಪಟ್ಟಿ ತೆಗೆದಿಡಿ. ತುರುಬು, ಕ್ಲಿಪ್ಪು ಬಿಚ್ಚಿ. ತಲೆಯ ಹಿಂದೆ ಗಂಟು ಇದ್ದರೆ ತಲೆ ಒಂದು ಪಕ್ಕಕ್ಕೆ ವಾಲುತ್ತದೆ, ಕುತ್ತಿಗೆ ಅದನ್ನು ತಡೆದು ಹಿಡಿಯುತ್ತದೆ. ಕಾಲುಚೀಲ ಹಾಕಿಕೊಳ್ಳಿ, ಹೊದಿಕೆ ಕೈಗೆಟುಕುವಂತಿರಲಿ. ಅಲ್ಲಾಡದೆ ಮಲಗಿದಾಗ ದೇಹ ಬೇಗ ತಣ್ಣಗಾಗುತ್ತದೆ, ಚಳಿ ಹತ್ತಿದ ಮೈ ಸಡಿಲವಾಗುವುದುಂಟೇ? ಮಲಗುವಾಗ ಸೆಕೆ ಅನ್ನಿಸಿದರೂ ಹೊದಿಕೆಯನ್ನು ಮೊಣಕಾಲವರೆಗಾದರೂ ಎಳೆದುಕೊಂಡಿರಿ. ಹಾಡು, ವಾದ್ಯ, ಮಳೆಯ ಸದ್ದಿನ ರೆಕಾರ್ಡಿಂಗು ಯಾವುದೂ ಬೇಡ ಎನ್ನುವವರ ಪೈಕಿ ನಾವು. ಕಿವಿ ಅದರ ಹಿಂದೆಯೇ ಹೋಗುತ್ತದೆ. ಮೆಲುದನಿಯ ಟೈಮರ್ ಒಂದಿದ್ದರೆ ಸಾಕು. ಟೈಮರ್ ಇಲ್ಲದೆ ಮಲಗಿದರೆ ಎಷ್ಟು ಹೊತ್ತಾಯಿತೋ ಎನ್ನುವ ಲೆಕ್ಕ ತಲೆಯೊಳಗೆ ಓಡುತ್ತಲೇ ಇರುತ್ತದೆ.

ದಿನವಿಡೀ ಕೂತು ಬಂದವರು ನೇರ ಮಲಗುವುದು ಬೇಡ. ಮೊದಲ ಐದು ನಿಮಿಷ ಕೈಕಾಲೂರಿ ಬೆನ್ನನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವ ಮಾರ್ಜಾಲಾಸನ ಏಳೆಂಟು ಸಲ. ಆಮೇಲೆ ಕೂತು, ಹೆಗಲುಗಳನ್ನು ಕಿವಿಯತ್ತ ಬಿಗಿಯಾಗಿ ಎತ್ತಿ ಐದು ಸೆಕೆಂಡು ಹಿಡಿದು ಒಮ್ಮೆಲೇ ಬಿಡುವುದು. ಮುಷ್ಟಿ, ಮುಖ, ದವಡೆಗೂ ಹೀಗೆಯೇ. ಮೊದಲು ಬಿಗಿ ಮಾಡಿ ಬಿಟ್ಟರೆ ಸಡಿಲ ಎಂದರೇನೆಂದು ಮೈಗೆ ತಿಳಿಯುತ್ತದೆ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಇದನ್ನೇ ಒಂದು ಚಿಕಿತ್ಸಾ ಕ್ರಮವಾಗಿ ರೂಪಿಸಿದ್ದರು.

ಈಗ ಮೊದಲ ಆಸನ, ಸುಪ್ತ ಬದ್ಧಕೋನಾಸನ. ನಾಲ್ಕರಲ್ಲಿ ಹೆಚ್ಚು ಕೆಲಸ ಬೇಡುವುದೂ, ಹೆಚ್ಚು ತಪ್ಪುವುದೂ ಇದೇ.

ಬೋಲ್ಸ್ಟರನ್ನು ಮ್ಯಾಟಿನ ಉದ್ದಕ್ಕೆ ಇಡಿ. ತಲೆಯ ಕಡೆಯ ತುದಿಯ ಕೆಳಗೆ ಒಂದು ಬ್ಲಾಕ್ ಎತ್ತರಕ್ಕೆ, ನಡುವಿನಲ್ಲಿ ಇನ್ನೊಂದು ತಗ್ಗಿಗೆ ಇಟ್ಟರೆ ಇಳಿಜಾರಾಗುತ್ತದೆ. ತಗ್ಗಿನ ತುದಿಗೆ ಬೆನ್ನು ಮಾಡಿ, ಪೃಷ್ಠ ಅದಕ್ಕೆ ತಾಗುವಷ್ಟು ಹತ್ತಿರ ಕೂರಿ. ಅಂಗಾಲುಗಳನ್ನು ಜೋಡಿಸಿ ಮಂಡಿಗಳನ್ನು ಬದಿಗೆ ಬಿಡಿ. ಬೆಲ್ಟನ್ನು ಹಿಂದಿನಿಂದ ತಂದು ತೊಡೆಗಳ ಒಳಗಿನಿಂದ ಹಾಯಿಸಿ, ಪಾದಗಳ ಹೊರ ಅಂಚಿಗೆ ಸುತ್ತಿ ಬಕಲ್ ಹಾಕಿ. ಹಿಂದೆ ಬೆಲ್ಟು ಸೊಂಟದ ಮೇಲಲ್ಲ, ಅದಕ್ಕೂ ಕೆಳಗೆ, ಬೆನ್ನುಮೂಳೆಯ ಬುಡದ ತ್ರಿಕೋನ ಮೂಳೆಯಾದ ತ್ರಿಕಾಸ್ಥಿಯ ಮೇಲೆ ಕೂರಬೇಕು. ಮೇಲೆ ಜಾರಿದರೆ ಹೊಟ್ಟೆಯನ್ನು ಕಟ್ಟಿಹಾಕುತ್ತದೆ. ಬಕಲ್ ಚರ್ಮಕ್ಕೆ ತಾಗದ ಜಾಗದಲ್ಲಿರಲಿ, ಎಳೆಯುವ ತುದಿ ಕೈಗೆ ಸಿಗುವಂತಿರಲಿ. ಈಗ ಎರಡೂ ತೊಡೆಗಳ ಕೆಳಗೆ, ಮಂಡಿಗೆ ಹತ್ತಿರ, ಸಮ ಎತ್ತರದ ಕಂಬಳಿ ಸುರುಳಿಗಳು. ಇವು ತೊಡೆಯನ್ನು ಬರೀ ಮುಟ್ಟಿದರೆ ಸಾಲದು, ಹೊತ್ತುಕೊಳ್ಳಬೇಕು.

ಕೈಯೂರಿ ಹಿಂದಕ್ಕೆ ಒರಗಿ. ಮೊದಲ ದೂರು ಸೊಂಟದ್ದೇ: ಚಿವುಟಿದಂತಾಗುತ್ತದೆ. ಆಗ ಎದ್ದು ಪೃಷ್ಠದ ಕೆಳಗೆ ಮಡಚಿದ ಕಂಬಳಿ ಹಾಕಿ. ಕೂರುವ ಜಾಗಕ್ಕೂ ಬೋಲ್ಸ್ಟರಿಗೂ ಇರುವ ಎತ್ತರದ ಅಂತರ ಕಮ್ಮಿಯಾದಂತೆ ಸೊಂಟದ ಬಾಗೂ ಕಮ್ಮಿಯಾಗುತ್ತದೆ. ಆಗಲೂ ಹೋಗದಿದ್ದರೆ ಇಳಿಜಾರು ಹೆಚ್ಚಿಸಿ. ಅದಕ್ಕೂ ಜಗ್ಗದಿದ್ದರೆ ಬೆಲ್ಟು ಬಿಚ್ಚಿ, ಕಾಲು ಚಾಚಿ, ಮಂಡಿಯ ಕೆಳಗೆ ದಪ್ಪ ಸುರುಳಿ ಇಟ್ಟುಬಿಡಿ. ಆಸನದ ಹೆಸರು ಬದಲಾಗಬಹುದು, ಕೆಲಸ ಕೆಡುವುದಿಲ್ಲ.

ತಲೆಯ ಕೆಳಗಿನ ಕಂಬಳಿ ಕುತ್ತಿಗೆಯ ಬುಡದವರೆಗೂ ಬರಬೇಕು, ಹೆಗಲಿನ ಕೆಳಗೆ ನುಗ್ಗಬಾರದು. ಸರಿಯೋ ತಪ್ಪೋ ನೋಡುವ ಬಗೆ ಹೀಗೆ: ಪಕ್ಕದಿಂದ ನೋಡಿದರೆ ಹಣೆ ಗಲ್ಲಕ್ಕಿಂತ ತುಸು ಮೇಲಿರಬೇಕು, ಗಲ್ಲ ಎದೆಮೂಳೆಗಿಂತ ಮೇಲಿರಬೇಕು. ಗಲ್ಲ ಚಾವಣಿಯತ್ತ ಏರಿದ್ದರೆ ಇನ್ನೊಂದು ಪದರ ಸೇರಿಸಿ. ನುಂಗಲು ಕಷ್ಟವಾಗುವಷ್ಟು ಎದೆಗೆ ಒತ್ತಿದ್ದರೆ ಒಂದು ಪದರ ತೆಗೆಯಿರಿ. ಕೊನೆಗೆ ಕೈಗಳು. ಬೋಲ್ಸ್ಟರಿನ ಎತ್ತರದಿಂದಾಗಿ ಮೊಣಕೈ ನೆಲ ಮುಟ್ಟದೆ ತೂಗುತ್ತದೆ, ಆ ಭಾರ ಹೆಗಲಿನ ಮುಂಭಾಗವನ್ನು ಎಳೆಯುತ್ತದೆ. ಮುಂಗೈಯಿಂದ ಬೆರಳ ತುದಿಯವರೆಗೂ ಕಂಬಳಿಯ ಆಸರೆ ಕೊಡಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ‘ಮಾಡಿದೆ, ಆದರೆ ಹೆಗಲು ಇನ್ನೂ ಹಾಗೇ ಇದೆ’ ಎನ್ನುವವರ ಮೊಣಕೈಯನ್ನೊಮ್ಮೆ ನೋಡಿ.

ಕಣ್ಣಿಗೆ ಮೃದುವಾದ ಬಟ್ಟೆ. ಕತ್ತಲು ಮಾಡುವಷ್ಟಿದ್ದರೆ ಸಾಕು, ಗುಡ್ಡೆಯನ್ನು ಅದುಮಬಾರದು. ಟೈಮರ್ 15 ನಿಮಿಷಕ್ಕೆ. ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಎಲ್ಲಾದರೂ ಚೂರು ಕಿರಿಕಿರಿ ಇದೆಯೇ? ಈಗಿನ ಚೂರು ಕಿರಿಕಿರಿ ಹತ್ತನೇ ನಿಮಿಷಕ್ಕೆ ನೋವಾಗಿರುತ್ತದೆ. ಅದನ್ನು ಈಗಲೇ ಸರಿಮಾಡಿ.

ಮೊದಲ ಮೂರು ನಾಲ್ಕು ನಿಮಿಷ ಏನೂ ಆಗುವುದಿಲ್ಲ. ಮೂಗು ತುರಿಸುತ್ತದೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಈ ಹೊತ್ತಿನಲ್ಲಿ ಮನಸ್ಸಿಗೊಂದು ಕೆಲಸ ಕೊಡಿ: ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ, ಮೂಗಿನಿಂದಲೇ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೂ ಹೊಟ್ಟೆಗೂ ಇಳಿಯುವ ವೇಗಸ್ ನರದ ಹಿಡಿತ ಹೆಚ್ಚಿ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಎಳೆದುಕೊಳ್ಳುವಾಗ ತುಸು ಚುರುಕಾಗುತ್ತದೆ. ಬಿಡುವ ಉಸಿರು ಉದ್ದವಾಗಿರಬೇಕು ಎನ್ನುವುದು ಇದಕ್ಕಾಗಿಯೇ. ಹತ್ತು ಹನ್ನೆರಡು ಉಸಿರಾದ ಮೇಲೆ ಎಣಿಕೆ ಕೈಬಿಡಿ, ಇಲ್ಲದಿದ್ದರೆ ಅದೇ ಒಂದು ದುಡಿಮೆಯಾಗುತ್ತದೆ. ಆರೇಳನೇ ನಿಮಿಷದ ಸುಮಾರಿಗೆ ಕೆಳದವಡೆ ತಾನಾಗಿ ಕಳಚಿ ಹಲ್ಲುಗಳ ನಡುವೆ ಸಂದು ಬಿಡುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ, ಬೆರಳೊಂದು ತಟಕ್ಕನೆ ಅದುರುತ್ತದೆ. ಹೊಟ್ಟೆಯ ಸದ್ದಿಗೆ ನಾಚಿಕೊಳ್ಳುವವರೇ ಹೆಚ್ಚು. ಕಲಿಸುವವರಿಗೆ ಅದು ಕೇಳಲು ಹಿತವಾದ ಸದ್ದು, ಕರುಳು ತನ್ನ ಕೆಲಸಕ್ಕೆ ಮರಳಿದೆ ಎಂದರ್ಥ.

ಟೈಮರ್ ಆದೊಡನೆ ಎದ್ದು ಕೂರಬೇಡಿ. ಬೆಲ್ಟು ಸಡಿಲಿಸಿ, ಅಂಗೈಯಿಂದಲೇ ಮಂಡಿಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿ. ಸಡಿಲವಾದ ತೊಡೆಯ ಸ್ನಾಯುವಿನಿಂದಲೇ ಎತ್ತಲು ಹೋದರೆ ತೊಡೆಸಂದು ಹಿಡಿಯುತ್ತದೆ. ಪಕ್ಕಕ್ಕೆ ಹೊರಳಿ ಮೂರು ನಾಲ್ಕು ಉಸಿರು ಅಲ್ಲೇ ಇದ್ದು, ಕೈಯೂರಿ ಏಳಿ. ತಲೆ ಕೊನೆಗೆ ಬರಲಿ. ತಲೆ ಮೊದಲು ಎತ್ತಿದರೆ ಹದಿನೈದು ನಿಮಿಷ ಬಿಟ್ಟಿದ್ದ ಕುತ್ತಿಗೆ ಒಂದೇ ಕ್ಷಣದಲ್ಲಿ ಮತ್ತೆ ಬಿಗಿಯುತ್ತದೆ. ಥಟ್ಟನೆ ಎದ್ದವರಿಗೆ ತಲೆ ಸುತ್ತುವುದೂ ಉಂಟು.

ಎರಡನೆಯದು ಬೋಲ್ಸ್ಟರಿನ ಮೇಲಿನ ತಿರುಚು, ಒಂದೊಂದು ಬದಿಗೆ ಐದು ನಿಮಿಷ. ಬಲ ಸೊಂಟದ ಬದಿಯನ್ನು ಬೋಲ್ಸ್ಟರಿನ ತುದಿಗೆ ಆನಿಸಿ ಮಂಡಿ ಮಡಚಿ ಕೂತು, ಹೊಟ್ಟೆಯನ್ನು ಬೋಲ್ಸ್ಟರಿನತ್ತ ತಿರುಗಿಸಿ, ಎರಡೂ ಕೈಯಿಂದ ನೆಲ ಒತ್ತಿ ಎದೆಯನ್ನು ಉದ್ದ ಮಾಡಿ ಕವುಚಿ ಮಲಗುವುದು. ಮುಖವನ್ನು ಮಂಡಿ ಇರುವ ದಿಕ್ಕಿಗೇ ತಿರುಗಿಸಿ. ಎದುರು ದಿಕ್ಕಿಗೆ ತಿರುಗಿಸಿದರೆ ಕುತ್ತಿಗೆಗೆ ಇನ್ನೊಂದು ತಿರುಚು ಸೇರುತ್ತದೆ, ಐದು ನಿಮಿಷಕ್ಕೆ ಅದು ಅತಿಯಾಯಿತು. ಮಂಡಿಗಳ ನಡುವೆ ಒಂದು ಕಂಬಳಿ, ಮುಂಗೈಗಳ ಕೆಳಗೆ ಒಂದೊಂದು. ಎದೆ ಬೋಲ್ಸ್ಟರಿಗೆ ಮುಟ್ಟದೆ ನಿಂತರೆ ಮೇಲೆ ಇನ್ನೊಂದು ಮಡಿಕೆ ಹಾಕಿ ಬೋಲ್ಸ್ಟರನ್ನೇ ಎದೆಯ ಎತ್ತರಕ್ಕೆ ತನ್ನಿ, ಎದೆಯನ್ನು ಕೆಳಕ್ಕೆ ಒತ್ತಬೇಡಿ. ಹೊಟ್ಟೆಗೆ ಜಾಗವಿಲ್ಲದ ಕಾರಣ ಉಸಿರು ಬೆನ್ನಿನ ಕಡೆ, ಪಕ್ಕೆಲುಬಿನ ಹಿಂಭಾಗದಲ್ಲಿ ಹಿಗ್ಗುವುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಮೂರನೆಯದು ಕಾಲಿಗೆ ಎತ್ತರ. ಎಲ್ಲರೂ ಹೇಳುವುದು ಗೋಡೆಗೆ ಕಾಲು ಚಾಚುವ ವಿಪರೀತ ಕರಣಿಯನ್ನು. ಚೆಂದ ಕಾಣುತ್ತದೆ, ಆದರೆ ತೊಡೆಯ ಹಿಂಭಾಗ ಬಿಗಿಯಾಗಿರುವವರಿಗೆ ಅದರಲ್ಲಿ ವಿಶ್ರಾಂತಿ ಇಲ್ಲ. ಮಂಡಿ ಬಾಗುತ್ತದೆ, ಬಾಲಮೂಳೆ ಮೇಲೇಳುತ್ತದೆ, ಸ್ವಲ್ಪ ಹೊತ್ತಿಗೇ ಪಾದ ಜೋಮು ಹಿಡಿಯುತ್ತದೆ. ಕುರ್ಚಿಯೇ ಉತ್ತಮ. ಕುರ್ಚಿಯ ಆಸನದ ಮೇಲೆ, ಮುಖ್ಯವಾಗಿ ಮುಂದಿನ ಅಂಚಿನ ಮೇಲೆ ಕಂಬಳಿ ಹಾಸಿ, ಅಂಗಾತ ಮಲಗಿ ಮೀನಖಂಡ ಪೂರ್ತಿ ಅದರ ಮೇಲೆ ಕೂರುವಷ್ಟು ಹತ್ತಿರ ಸರಿಯಿರಿ. ಮಂಡಿಯ ಕೋನ ಹೆಚ್ಚುಕಮ್ಮಿ 90 ಡಿಗ್ರಿ. ಕುರ್ಚಿ ಎತ್ತರವಾಗಿ ಪೃಷ್ಠ ನೆಲದಿಂದ ಎದ್ದರೆ, ಪೃಷ್ಠದಿಂದ ತಲೆಯವರೆಗೆ ಕೆಳಗೆ ಕಂಬಳಿ ಹಾಸಿ ದೇಹವನ್ನೇ ಎತ್ತರಿಸಿ. ಕುಳ್ಳಗಾದರೆ ಆಸನದ ಮೇಲಿನ ಮಡಿಕೆ ಹೆಚ್ಚಿಸಿ. ಇಲ್ಲೂ ಪಾದ ಜುಮ್ಮೆಂದರೆ ಅಂಚು ಮಂಡಿಯ ಹಿಂಬದಿಯನ್ನು ಒತ್ತುತ್ತಿದೆ ಎಂದೇ ಲೆಕ್ಕ.

ಕಾಲು ಮೇಲಿದ್ದಾಗ ಕೆಳಗೆ ತಂಗಿದ್ದ ರಕ್ತ ಸುಲಭವಾಗಿ ಹೃದಯಕ್ಕೆ ಮರಳುತ್ತದೆ. ಕತ್ತಿನ ಕ್ಯಾರೊಟಿಡ್ ರಕ್ತನಾಳದಲ್ಲೂ ಮಹಾಪಧಮನಿಯ ಬಾಗಿನಲ್ಲೂ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ತುಸು ಏರಿದ್ದು ಅವುಗಳಿಗೆ ಗೊತ್ತಾದರೆ ಮಿದುಳು ಬಡಿತವನ್ನು ಇಳಿಸುತ್ತದೆ, ರಕ್ತನಾಳಗಳನ್ನು ಸಡಿಲಿಸುತ್ತದೆ. ಹತ್ತು ನಿಮಿಷ ಸಾಕು. ದಿನಕ್ಕೆ ಒಂದೇ ಆಸನ ಮಾಡಲು ಪುರಸೊತ್ತಿದ್ದರೆ ಇದನ್ನೇ ಮಾಡಿ.

ಇಲ್ಲಿ ಎಚ್ಚರವೂ ಬೇಕು. ಗ್ಲಾಕೋಮಾ, ಅಕ್ಷಿಪಟಲದ ತೊಂದರೆ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಹೃದಯದ ವೈಫಲ್ಯ ಇರುವವರು ಸೊಂಟ ಅಥವಾ ಕಾಲು ಎತ್ತರಿಸುವ ಆಸನಕ್ಕೆ ಮುಂಚೆ ವೈದ್ಯರನ್ನು ಕೇಳಲೇಬೇಕು. ಹುಳಿತೇಗಿನವರು ತಲೆ ಮತ್ತು ಎದೆಯನ್ನು ಎತ್ತರದಲ್ಲಿಟ್ಟುಕೊಳ್ಳಲಿ. ಗರ್ಭಿಣಿಯರು 20 ವಾರ ದಾಟಿದ ಮೇಲೆ ಚಪ್ಪಟೆಯಾಗಿ ಅಂಗಾತ ಮಲಗುವುದು ಬೇಡ. ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿಯನ್ನು ಅದುಮುತ್ತದೆ. ಎಡಮಗ್ಗುಲಾಗಿ, ಮಂಡಿಗಳ ನಡುವೆ ಬೋಲ್ಸ್ಟರ್ ಇಟ್ಟು, ಬೆನ್ನಿಗೆ ಕಂಬಳಿ ಆನಿಸಿ ಮಲಗಬಹುದು. ಕವುಚಿ ಮಲಗುವ ತಿರುಚಂತೂ ಅವರಿಗಲ್ಲ.

ಕೊನೆಗೆ 20 ನಿಮಿಷ ಶವಾಸನ. ಮಂಡಿಯ ಕೆಳಗೆ ದಪ್ಪ ಸುರುಳಿ, ಅದರಿಂದ ಹಿಮ್ಮಡಿ ಗಾಳಿಯಲ್ಲಿ ನಿಂತರೆ ಅದರ ಕೆಳಗೊಂದು ಚಿಕ್ಕ ಮಡಿಕೆ. ತಲೆಗೆ ಒಂದೋ ಎರಡೋ ಪದರ, ಕಣ್ಣಿಗೆ ಬಟ್ಟೆ, ಮೈಮೇಲೆ ಹೊದಿಕೆ. ತೊಡೆಗಳ ಮೇಲೆ ಎರಡು ಮೂರು ಕಿಲೋ ಭಾರದ ಮಡಚಿದ ಕಂಬಳಿಗಳನ್ನೋ ಮರಳಿನ ಚೀಲವನ್ನೋ ಇಟ್ಟರೆ ಕಾಲು ಬೇಗ ಭಾರವಾಗುತ್ತದೆ. ಹೊಟ್ಟೆಯ ಮೇಲೆ ಮಾತ್ರ ಬೇಡ, ಉಸಿರಿಗೆ ಅಡ್ಡಿ.

ನಿದ್ದೆ ಬಂದರೆ? ನಿದ್ದೆಗೆಟ್ಟವರಿಗೆ ಬಂದೇ ಬರುತ್ತದೆ, ಬರಲಿ. ಪ್ರತಿ ಸಲವೂ ಗೊರಕೆಗೇ ಮುಗಿಯುತ್ತಿದ್ದರೆ ರಾತ್ರಿಯ ಬದಲು ಸಂಜೆಗೇ ಅಭ್ಯಾಸ ಮಾಡಿ, ತಲೆಯ ಎತ್ತರವನ್ನು ತುಸು ಹೆಚ್ಚಿಸಿ. ಇದರ ಉಲ್ಟಾ ಕಷ್ಟವೇ ದೊಡ್ಡದು, ಅದರ ಬಗ್ಗೆ ಮಾತು ಕಮ್ಮಿ. ಕೆಲವರಿಗೆ ಕಣ್ಣು ಮುಚ್ಚಿ ಅಂಗಾತ ಮಲಗಿದೊಡನೆ ಎದೆ ಹೊಡೆದುಕೊಳ್ಳುತ್ತದೆ, ಗಾಬರಿ ಏರುತ್ತದೆ. ಎದೆ ಹೊಟ್ಟೆ ತೆರೆದುಕೊಂಡ ಭಂಗಿಯೇ ಅವರಿಗೆ ಭಯ. ‘ಸುಮ್ಮನೆ ಮಲಗಿ, ಸರಿಹೋಗುತ್ತದೆ’ ಎನ್ನುವುದು ತಪ್ಪು. ಕಣ್ಣು ತೆರೆದಿರಲಿ, ಬಟ್ಟೆ ಬೇಡ, ದೀಪ ಉರಿಯುತ್ತಿರಲಿ. ಗೋಡೆಗೆ ಬೆನ್ನು ಆನಿಸಿ ಮಗ್ಗುಲಾಗಿ ಮಲಗಿ, ಎದೆಗೆ ಬೋಲ್ಸ್ಟರ್ ತಬ್ಬಿಕೊಂಡು, ಐದೇ ನಿಮಿಷ. ಅದಕ್ಕೂ ಆಗದಿದ್ದರೆ ಅಂದು ನಡೆದಾಡಿ ಬರುವುದೇ ಮೇಲು.

ಮುಗಿದ ಮೇಲೆ ಐದು ಹತ್ತು ನಿಮಿಷ ಗಾಡಿ ಓಡಿಸಬೇಡಿ, ಮೈ ಇನ್ನೂ ನಿಧಾನದಲ್ಲಿರುತ್ತದೆ. ಆ ಬಿಡುವಿನಲ್ಲಿ ಒಂದು ಚೀಟಿ ಬರೆಯಿರಿ: ತಲೆಗೆ ಎಷ್ಟು ಪದರ, ಪೃಷ್ಠದ ಕೆಳಗೆ ಕಂಬಳಿ ಬೇಕಾಯಿತೇ, ಯಾವ ಮಂಡಿಗೆ ಹೆಚ್ಚು ಎತ್ತರ, ಕುರ್ಚಿಯ ಮೇಲೆ ಎಷ್ಟು ಮಡಿಕೆ. ಅದನ್ನು ಬೋಲ್ಸ್ಟರಿನ ಕವರಿನೊಳಗೆ ಸೇರಿಸಿಡಿ. ಮುಂದಿನ ಸಲ 15 ನಿಮಿಷದ ಜೋಡಣೆ ಏಳೆಂಟು ನಿಮಿಷಕ್ಕೆ ಮುಗಿಯುತ್ತದೆ, ಉಳಿದದ್ದನ್ನು ಶವಾಸನಕ್ಕೆ ಸೇರಿಸಿಕೊಳ್ಳಬಹುದು.